ಪಾದೆಯ ಮೇಲಿನ ಬಿಸಿಲು

ಐವತ್ತು ದಾಟಿದ ಮೇಲೆ ಎಣ್ಣೆಬಣ್ಣದ ಚಿತ್ರ ಕಲಿಯಲು ಹೊರಟವಳು ನಾನು. ಮನೆಯವರು ನಕ್ಕರು, ಟರ್ಪೆಂಟೈನ್ ವಾಸನೆಗೆ ಗೊಣಗಿದರು, ಆಮೇಲೆ ಅಭ್ಯಾಸವಾಯಿತು. ಕಲಿಸಿದವರು ನಮ್ಮ ಶಾಲೆಯಿಂದ ನಿವೃತ್ತರಾದ ಡ್ರಾಯಿಂಗ್ ಮಾಸ್ತರು. ಹೂದಾನಿ, ಬಾಳೆಹಣ್ಣು ಎಲ್ಲ ಮುಗಿದ ಮೇಲೆ ನಾನು ಆರಿಸಿಕೊಂಡದ್ದು ಉಳ್ಳಾಲದ ಬಳಿಯ ಸೋಮೇಶ್ವರದ ಕಡಲು; ಅಲ್ಲಿ ನೀರಿಗೆ ಚಾಚಿಕೊಂಡಿರುವ ದೊಡ್ಡ ದೊಡ್ಡ ಪಾದೆಗಳು.

ಬಂಡೆ ಬರೆಯುವುದು ಸುಲಭ ಎಂದುಕೊಂಡಿದ್ದೆ. "ಇಡೀ ಕಲ್ಲಿಗೆ ಒಂದೇ ಕಪ್ಪು ಬಳಿಯಬೇಡಿ ಟೀಚರ್" ಎಂದರು ಮಾಸ್ತರು. ನೀರು ಮುಟ್ಟುವಷ್ಟು ಎತ್ತರದವರೆಗೆ ಮಾತ್ರ ಕಲ್ಲು ಕಪ್ಪು. ಪಾಚಿ ಕಟ್ಟುವುದೂ ಅಲ್ಲಿಯೇ. ಅದರ ಮೇಲಿನ ಒಣಕಲ್ಲಿಗೆ ಸಂಜೆಯ ಬಿಸಿಲು ಬಿದ್ದರೆ ಹಳದಿ, ನಸುಗೆಂಪು, ನೆರಳಿನಲ್ಲಿ ನೇರಳೆ. ಮೂರು ಭಾನುವಾರ ಕುಳಿತು ಆ ಹೊಳಪನ್ನು ತಂದೆ. ಚೆನ್ನಾಗಿ ಬಂದಿತ್ತು. ನಾನೇ ಹೇಳಿಕೊಳ್ಳಬಾರದು, ಆದರೂ ಬಂದಿತ್ತು.

ಚೆನ್ನಾಗಿ ಬಂದದ್ದೇ ಕಾಡತೊಡಗಿತು. ಕೆಲವು ವರ್ಷಗಳ ಹಿಂದೆ, ಮಳೆಗಾಲದಲ್ಲಿ, ನನ್ನ ಹತ್ತನೆಯ ತರಗತಿಯ ಹುಡುಗನೊಬ್ಬ ಅಲ್ಲಿಯೇ ಒಂದು ಪಾದೆಯಿಂದ ಜಾರಿ ಸಮುದ್ರಪಾಲಾದ. ಮರುದಿನ ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಮುಂದೆ ನಿಂತು ನಾನು ಹೇಳಿದ್ದೆ: "ಹಿರಿಯರ ಮಾತು ಕೇಳದಿದ್ದರೆ ಹೀಗೇ ಆಗುವುದು." ಉಳಿದವರ ಒಳ್ಳೆಯದಕ್ಕೆಂದೇ ಹೇಳಿದ ಮಾತು. ಅವನ ತಂಗಿ ನಮ್ಮಲ್ಲಿಯೇ ಏಳನೆಯ ತರಗತಿಯಲ್ಲಿದ್ದಳು. ಅಂದು ಬಂದಿರಲಿಲ್ಲ, ಪುಣ್ಯ.

ಅಂಥ ಕಲ್ಲನ್ನು 'ಬಾ, ಕೂರು' ಎಂದು ಕರೆಯುವ ಹಾಗೆ ಬರೆಯಲು ನನಗೇನು ಹಕ್ಕು ಎನಿಸಿತು. ಒಂದು ರಾತ್ರಿ ಬಿಸಿಲಿನ ಮೇಲೆಲ್ಲ ಕಡುಕಂದು ಬಳಿದು ಪಾದೆಯನ್ನು ಕಪ್ಪಾಗಿಸಿದೆ. ಮನಸ್ಸಿಗೆ ಹಗುರವಾಯಿತು.

ವಾರ ಕಳೆದಿತ್ತು. ಆ ಹುಡುಗನ ತಾಯಿ ನನ್ನ ರವಿಕೆ ಹೊಲಿದು ಕೊಡಲು ಬಂದರು. ಚಿತ್ರವನ್ನು ಒಳಗಿಡಲು ನಾನು ಮರೆತಿದ್ದೆ.

"ಇದು ಸೋಮೇಶ್ವರ ಅಲ್ಲವಾ ಟೀಚರ್?"

ಹೌದೆಂದೆ. ಅವರು ಬಹಳ ಹೊತ್ತು ನೋಡಿದರು.

"ಇಷ್ಟು ಕಪ್ಪು ಉಂಟಾದರೆ ಅವನು ಯಾಕೆ ಹತ್ತಿದ?"

ಆಕ್ಷೇಪವಿರಲಿಲ್ಲ, ತಿಳಿಯಬೇಕೆಂದು ಕೇಳಿದ್ದು. ಆ ದಿನದ ಮೇಲೆ ಅವರು ಕಡಲ ಕಡೆಗೆ ಹೋದವರಲ್ಲ. ನಾನು ಕಾಫಿ ಮಾಡುವ ನೆವದಲ್ಲಿ ಒಳಗೆ ಹೋದೆ.

ಮಾಸ್ತರು ಒಮ್ಮೆ ಹೇಳಿದ ಸಂಗತಿ ಆಗ ನೆನಪಾಯಿತು. ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೋನೆ 1885ರಲ್ಲಿ ಎತ್ರೆತಾ ಎಂಬಲ್ಲಿ ಕಡಲಬಂಡೆಯ ಬುಡದಲ್ಲಿ ಚಿತ್ರ ಬರೆಯುತ್ತಿದ್ದಾಗ ಉಬ್ಬರದ ಹೊತ್ತನ್ನು ತಪ್ಪಾಗಿ ಎಣಿಸಿ ಅಲೆಗೆ ಸಿಕ್ಕಿಬಿದ್ದ. ಬರೆಯುತ್ತಿದ್ದ ಚಿತ್ರ, ಬಣ್ಣ, ಸ್ಟ್ಯಾಂಡು ಎಲ್ಲವೂ ನೀರಿನ ಪಾಲು. ಅವನಿಗಾಗ 45 ವರ್ಷ, ತಿಳಿಯದ ಹುಡುಗನಲ್ಲ. ಅವನು ಬದುಕಿ ಬಂದ. ಆದ್ದರಿಂದ ಅದನ್ನು ಕಲೆಯ ಹುಚ್ಚು ಎಂದು ಮೆಚ್ಚಿಕೊಂಡು ಹೇಳುತ್ತೇವೆ. ನಮ್ಮ ಹುಡುಗ ಬದುಕಲಿಲ್ಲ; ಅದಕ್ಕೆ ಅವನದು ಅವಿಧೇಯತೆ. ಇಬ್ಬರೂ ಹೋದದ್ದು ಚಂದವಾಗಿದೆ ಎಂದೇ ಅಲ್ಲವೇ? ನಾವು ತಪ್ಪನ್ನು ತೂಗುವುದು ಮಾಡಿದ ಕೆಲಸವನ್ನು ನೋಡಿಯೋ, ಅಲೆ ಸರಿದ ಮೇಲೆ ಉಳಿದದ್ದನ್ನು ನೋಡಿಯೋ? ಪ್ರಾರ್ಥನೆಯ ಸಾಲಿನ ಮುಂದೆ ನಿಂತಾಗ ನನಗೆ ಈ ಪ್ರಶ್ನೆಯೇ ಹೊಳೆದಿರಲಿಲ್ಲ. ಪಾಚಿಯ ಕುರಿತು ಒಂದು ಮಾತು ಹೇಳಿದ್ದರೆ ಮಕ್ಕಳಿಗೆ ಉಪಯೋಗವಾದರೂ ಆಗುತ್ತಿತ್ತು.

ಎಣ್ಣೆಬಣ್ಣ ನೀರಿನ ಬಣ್ಣದ ಹಾಗೆ ಆರುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ನೊರೆಯ ಬಿಳಿ ಇನ್ನೂ ಬೆರಳಿಗೆ ಅಂಟುತ್ತಿದೆ. ನಾನು ಬಳಿದ ಕಂದು, ಅಂಗಡಿಯವರು ಬರ್ನ್ಟ್ ಅಂಬರ್ ಎನ್ನುವುದು, ಅದರಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಗಟ್ಟಿಯಾಗಿಬಿಟ್ಟಿದೆ. ಚೂರಿಯಿಂದ ಕೆರೆದರೆ ಅಡಿಯ ಬಿಸಿಲೂ ಕಿತ್ತುಬರುತ್ತದೆ. ಕೆರೆಯುವುದು ಬೇಡ, ಎಣ್ಣೆ ಸ್ವಲ್ಪ ಹೆಚ್ಚು ಬೆರೆಸಿ ಮೇಲಿನಿಂದ ಮತ್ತೆ ಬರೆಯಿರಿ, ಕೆಳಗಿನ ಒದ್ದೆ ಪಟ್ಟಿಯನ್ನು ಮಾತ್ರ ಕಪ್ಪಾಗಿಯೇ ಬಿಡಿ ಎನ್ನುತ್ತಾರೆ ಮಾಸ್ತರು.

ಇನ್ನೊಂದು ರವಿಕೆ ತೆಗೆದುಕೊಂಡು ಅವರು ಬರುವುದು ಶನಿವಾರ. ಅಷ್ಟರೊಳಗೆ ಮೇಲಿನ ಅರ್ಧವನ್ನಾದರೂ ಮುಗಿಸಬೇಕು.