ಗೋಡೆ ಒಡೆದ ಕೋಣೆ

ಕನ್ನಡ ಕ್ರೈಸ್ತರ ಮಾತಿನಲ್ಲಿ ಚರ್ಚಿಗೆ ಬೇರೆ ಹೆಸರುಗಳೂ ಇವೆ. ಕಥೋಲಿಕರು ಬಹಳಮಟ್ಟಿಗೆ ‘ದೇವಾಲಯ’ ಎನ್ನುತ್ತಾರೆ, ಪ್ರಾಟೆಸ್ಟಂಟರು ‘ಸಭೆ’ ಎನ್ನುತ್ತಾರೆ, ಕರಾವಳಿಯಲ್ಲಿ ‘ಇಗರ್ಜಿ’ ಎಂಬ ಮಾತಿದೆ. ಇಗರ್ಜಿ ಪೋರ್ಚುಗೀಸರ ಜೊತೆ ಬಂದ ಪದ. ಅದರ ಬೇರು ಹಿಡಿದು ಹೋದರೆ ಲ್ಯಾಟಿನ್ನನ್ನು ದಾಟಿ ಗ್ರೀಕಿನ ‘ಎಕ್ಲೇಸಿಯ’ಕ್ಕೆ ತಲುಪುತ್ತೇವೆ. ಎಕ್ಲೇಸಿಯ ಅಂದರೆ ಕರೆಗೆ ಓಗೊಟ್ಟು ಕೂಡಿದ ಜನ. ಹಾಗಾಗಿ ಇಗರ್ಜಿಯೂ ಮೂಲದಲ್ಲಿ ಸಭೆಯೇ. ‘ದೇವಾಲಯ’ ಎಂಬ ಪದದೊಳಗೆ ಮಾತ್ರ ಜನರಿಲ್ಲ. ಅಲ್ಲಿ ದೇವರಿದ್ದಾನೆ, ಅವನಿಗೊಂದು ಆಲಯವಿದೆ. ಭಾನುವಾರ ಬೆಳಿಗ್ಗೆ ಹೊರಡುವ ನಾವು ದೇವರ ಮನೆಗೆ ಹೋಗುತ್ತಿದ್ದೇವೆಯೋ, ಜನರ ನಡುವೆ ಕೂರಲು ಹೋಗುತ್ತಿದ್ದೇವೆಯೋ ಎಂಬ ಪ್ರಶ್ನೆ ಈ ಪದಗಳೊಳಗೇ ಇದೆ. ಅದನ್ನು ಬಿಡಿಸಿ ನೋಡದೆ ಇಂದಿನ ಕ್ರೈಸ್ತ ಆರಾಧನೆಯಲ್ಲಿ ಕಟ್ಟಡಕ್ಕೆ ಏನು ಕೆಲಸ ಎಂದು ಹೇಳಲು ಬರುವುದಿಲ್ಲ.

ಈ ಧರ್ಮ ಹುಟ್ಟಿದ್ದು ಒಂದು ಮಹಾದೇವಾಲಯದ ನೆರಳಿನಲ್ಲಿ. ಯೆರೂಸಲೇಮಿನ ಆ ದೇವಾಲಯದ ಹೊರ ಅಂಗಳಕ್ಕೆ ಯಾರು ಬೇಕಾದರೂ ಬರಬಹುದಿತ್ತು. ಒಳಗೆ ಒಂದು ಗಿಡ್ಡ ತಡೆಗೋಡೆ. ಅದನ್ನು ದಾಟುವ ಅನ್ಯಜನಾಂಗದವನು ತನ್ನ ಸಾವಿಗೆ ತಾನೇ ಹೊಣೆ ಎಂದು ಗ್ರೀಕಿನಲ್ಲಿ ಕೊರೆದ ಕಲ್ಲುಗಳು ಅಲ್ಲಿದ್ದವು. ಅಂಥ ಒಂದು ಕಲ್ಲು 1871ರಲ್ಲಿ ಸಿಕ್ಕಿತು, ಈಗ ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿದೆ. ಎಫೆಸದವರಿಗೆ ಬರೆದ ಪತ್ರದಲ್ಲಿ ಕ್ರಿಸ್ತನು ಎರಡು ಜನಾಂಗಗಳ ನಡುವಿನ ಅಡ್ಡಗೋಡೆಯನ್ನು ಕೆಡವಿದ ಎಂಬ ಮಾತು ಬರುವಾಗ ನನ್ನ ಕಣ್ಣ ಮುಂದೆ ಬರುವುದು ಇದೇ ಗೋಡೆ. ಕ್ರಿಸ್ತಶಕ 70ರಲ್ಲಿ ರೋಮನ್ನರು ದೇವಾಲಯವನ್ನು ಸುಟ್ಟರು. ಅದಕ್ಕೂ ಮೊದಲೇ ಯೇಸು ದೇಗುಲವೆಂದು ತನ್ನ ದೇಹವನ್ನು ಕುರಿತು ಮಾತಾಡಿದ್ದ. ಪರಾತ್ಪರನು ಕೈಯಿಂದ ಕಟ್ಟಿದ ಮನೆಗಳಲ್ಲಿ ವಾಸಿಸುವವನಲ್ಲ ಎಂದದ್ದಕ್ಕೆ ಸ್ತೆಫನ ಕಲ್ಲೇಟು ತಿಂದು ಸತ್ತಿದ್ದ. ಗುಡಿಯಿಲ್ಲ, ಬಲಿಪೀಠವಿಲ್ಲ, ಇವರದೆಂಥ ಧರ್ಮ ಎಂದು ರೋಮನ್ನರು ಕ್ರೈಸ್ತರನ್ನು ಹಂಗಿಸುತ್ತಿದ್ದರು. ಹೌದು, ನಮಗೆ ಅವು ಇಲ್ಲ ಎಂದು ಕ್ರೈಸ್ತ ಲೇಖಕರು ತಲೆಯೆತ್ತಿಯೇ ಉತ್ತರಿಸುತ್ತಿದ್ದರು.

ಹಾಗಾದರೆ ಅವರು ಕೂಡುತ್ತಿದ್ದುದು ಎಲ್ಲಿ? ಮನೆಗಳಲ್ಲಿ. ಸಿರಿಯಾದಲ್ಲಿ ಯೂಫ್ರಟಿಸ್ ನದಿಯ ದಂಡೆಯ ದೂರಾ ಯುರೋಪೋಸ್ ಎಂಬ ಊರಲ್ಲಿ ಅಂಥ ಒಂದು ಮನೆ ಸಿಕ್ಕಿದೆ. ಮೂರನೆಯ ಶತಮಾನದ್ದು. ಸುಮಾರು 256ರಲ್ಲಿ ಊರು ಶತ್ರುಗಳ ವಶವಾಗುವ ಮುನ್ನ, ಕೋಟೆಯನ್ನು ಬಲಪಡಿಸಲು ಸುರಿದ ಮಣ್ಣಿನಡಿ ಅದು ಹೂತುಹೋಯಿತು. ಹೂತದ್ದರಿಂದಲೇ ಉಳಿಯಿತು. ಸಾಮಾನ್ಯ ಮನೆಯನ್ನು ಆರಾಧನೆಯ ಜಾಗ ಮಾಡಿಕೊಳ್ಳಲು ಅಲ್ಲಿನವರು ಮಾಡಿದ ಮುಖ್ಯ ಕೆಲಸ ಒಂದು: ಎರಡು ಕೋಣೆಗಳ ನಡುವಿನ ಗೋಡೆಯನ್ನು ಒಡೆದು ಎಲ್ಲರೂ ಕೂರುವಷ್ಟು ದೊಡ್ಡದೊಂದು ಕೋಣೆ ಮಾಡಿಕೊಂಡರು. ಕ್ರೈಸ್ತ ದೇವಾಲಯ ಅಂದರೇನು ಎಂದು ಕೇಳಿದವರಿಗೆ ನಾನು ಮೊದಲು ತೋರಿಸುವುದು ಈ ಒಡೆದ ಗೋಡೆಯನ್ನು.

ನಾಲ್ಕನೆಯ ಶತಮಾನದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯ ಆಸರೆ ಸಿಕ್ಕಿತು. ಹಣ ಬಂತು, ದೊಡ್ಡ ಕಟ್ಟಡಗಳೆದ್ದವು. ಆಗಲೂ ಅವರು ರೋಮನ್ ಗುಡಿಯ ಮಾದರಿಯನ್ನು ಹಿಡಿಯಲಿಲ್ಲ ಎಂಬುದನ್ನು ಗಮನಿಸಬೇಕು. ಆ ಗುಡಿಗಳಲ್ಲಿ ಒಳಗೆ ಮೂರ್ತಿ, ಹೊರಗೆ ಬಯಲಲ್ಲಿ ಬಲಿಪೀಠ, ಅದರ ಸುತ್ತ ಜನ. ಕ್ರೈಸ್ತರು ಆರಿಸಿಕೊಂಡದ್ದು ನ್ಯಾಯ ಹೇಳುವುದಕ್ಕೂ ವ್ಯವಹಾರಕ್ಕೂ ಊರವರು ಸೇರುತ್ತಿದ್ದ ‘ಬೆಸಿಲಿಕ’ ಎಂಬ ಸಭಾಭವನವನ್ನು. ಅದರಿಂದ ಬಲಿಪೀಠ ಒಳಗೆ ಬಂತು, ಜನರೂ ಒಳಗೆ ಬಂದರು. ಮುಂದೆ ಶತಮಾನಗಳುದ್ದಕ್ಕೂ ಗುರುಗಳಿಗೂ ಜನರಿಗೂ ನಡುವೆ ಕಟಕಟೆ, ಪರದೆಗಳು ಎದ್ದವು, ನಿಜ. 1960ರ ದಶಕದ ಎರಡನೆಯ ವ್ಯಾಟಿಕನ್ ಸಮ್ಮೇಳನದ ಬಳಿಕ ಬಲಿಪೀಠ ಗೋಡೆಯನ್ನು ಬಿಟ್ಟು ಜನರ ಕಡೆ ಬಂತು, ಬಲಿಪೂಜೆ ಲ್ಯಾಟಿನ್ ಬಿಟ್ಟು ಕನ್ನಡಕ್ಕೆ ಬಂತು. ಅದನ್ನು ಬರೀ ಸುಧಾರಣೆ ಎಂದರೆ ಸಾಲದು. ಮರೆತದ್ದು ನೆನಪಾಯಿತು ಎನ್ನುವುದೇ ಸರಿ.

ದೇಹವೇ ದೇಗುಲ ಎಂಬ ಮಾತು ಕನ್ನಡದವರಿಗೆ ಹೊಸದಲ್ಲ, ಹನ್ನೆರಡನೆಯ ಶತಮಾನದಿಂದ ನಮ್ಮ ಕಿವಿಯಲ್ಲಿದೆ. ಕೊರಿಂಥದವರಿಗೆ ಪೌಲ ‘ನೀವು ದೇವರ ಆಲಯ’ ಎಂಬರ್ಥದಲ್ಲಿ ಬರೆದದ್ದನ್ನು ಓದುವಾಗ ನಾವು ಅದನ್ನೇ ಕೇಳಿಸಿಕೊಳ್ಳುತ್ತೇವೆ. ಇಲ್ಲಿ ಒಂದು ತೊಡಕಿದೆ. ಕನ್ನಡದ ‘ನೀವು’ ಒಬ್ಬರಿಗೆ ಕೊಡುವ ಗೌರವವೂ ಹೌದು, ಹಲವರೂ ಹೌದು. ಗ್ರೀಕಿನಲ್ಲಿ ಆ ಸಂದೇಹವಿಲ್ಲ, ಅಲ್ಲಿರುವುದು ಬಹುವಚನ. ನೀವೆಲ್ಲ ಸೇರಿ ಒಂದು ಆಲಯ ಎಂದು ಪೌಲ ಹೇಳುತ್ತಿದ್ದಾನೆ, ಅದೂ ಪಕ್ಷ ಕಟ್ಟಿಕೊಂಡು ಒಡೆದಿದ್ದ ಒಂದು ಸಭೆಗೆ. ಅದೇ ಪತ್ರದಲ್ಲಿ ಮುಂದೆ ಅವನು ದೇಹದ ಮಾತನ್ನೂ ಆಡುತ್ತಾನೆ. ಆದರೂ ಮೊದಲ ಮಾತು ಕೂಟದ್ದು. ಒಬ್ಬನೇ ಕೂತು ತಾನೇ ಆಲಯವಾಗುವ ದಾರಿ ಈ ಮಾತಿನಲ್ಲಿ ಸಿಗುವುದಿಲ್ಲ.

ಜನರೇ ಆಲಯವಾದರೆ ಕಟ್ಟಡವೇಕೆ ಎಂದು ಕೇಳುವವರಿಗೆ 2020 ಉತ್ತರ ಕೊಟ್ಟಿತು. ಚರ್ಚುಗಳಿಗೆ ಬೀಗ ಬಿತ್ತು. ಮಾರ್ಚ್ 27ರ ಸಂಜೆ ಮಳೆಯಲ್ಲಿ ತೊಯ್ದ ಸಂತ ಪೇತ್ರರ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ಹೆಚ್ಚುಕಡಿಮೆ ಒಬ್ಬರೇ ನಿಂತು ಪ್ರಾರ್ಥಿಸಿದ್ದನ್ನು ಲೋಕವೆಲ್ಲ ಟೀವಿಯಲ್ಲಿ ನೋಡಿತು. ನಾವು ಮೊಬೈಲಿನಲ್ಲಿ ಬಲಿಪೂಜೆ ನೋಡಿದೆವು. ಪ್ರವಚನ ಕೇಳಿಸಿತು, ಹಾಡೂ ಕೇಳಿಸಿತು. ಪರಮಪ್ರಸಾದ ಮಾತ್ರ ಪರದೆ ದಾಟಿ ಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಇನ್ನೊಂದು ಕೊರತೆ: ಪಕ್ಕದಲ್ಲಿ ಯಾರೂ ಇರಲಿಲ್ಲ. ಮನೆಯಲ್ಲಿ ನನ್ನವರೊಂದಿಗೆ ಕೂತಿದ್ದೆ, ನನಗೆ ಬೇಕಾದ ಗುರುಗಳ ಪೂಜೆಯನ್ನು ಆರಿಸಿಕೊಂಡಿದ್ದೆ, ಬೇಸರವಾದರೆ ನಿಲ್ಲಿಸಬಹುದಿತ್ತು. ದೇವಾಲಯದಲ್ಲಿ ಈ ಆಯ್ಕೆ ಇರುವುದಿಲ್ಲ. ನಾನು ಕರೆಯದೆಯೂ ಬಂದವರು ಬೆಂಚಿನ ತುದಿಯಲ್ಲಿರುತ್ತಾರೆ. ಅವರ ಕೆಮ್ಮು, ಅವರ ಬೆವರು, ಅವರ ಅಳುವ ಮಗು ಎಲ್ಲವೂ ಪ್ರಾರ್ಥನೆಯೊಳಗೆ ಬರುತ್ತವೆ. ಪ್ರಸಾದಕ್ಕೆ ಮುಂಚೆ ಶಾಂತಿ ಕೋರುವಾಗ ನಾನು ತಿರುಗಿ ಕೈಮುಗಿಯಬೇಕಾದದ್ದು ಅವರಿಗೆ. ದೇವರಿಗೆ ಸೂರು ಬೇಕಿಲ್ಲದಿರಬಹುದು. ಆರಿಸಿಕೊಳ್ಳದ ನೆರೆಯವರು ಒಂದೆಡೆ ಕೂರುವುದಕ್ಕೆ ಸೂರು ಬೇಕು.

ಹೀಗೆ ಹೇಳುವಾಗ ವಡಕ್ಕನ್‌ಕುಳಮ್ ನೆನಪಾಗದೆ ಇರುವುದಿಲ್ಲ. ತಮಿಳುನಾಡಿನ ತಿರುನೆಲ್ವೇಲಿ ಸೀಮೆಯ ಈ ಊರಲ್ಲಿ 19ನೆಯ ಶತಮಾನದಲ್ಲಿ ಕಟ್ಟಿದ ದೇವಾಲಯಕ್ಕೆ ಷರಾಯಿಯ ಕಾಲುಗಳಂತೆ ಎರಡು ಅಂಕಣಗಳಿದ್ದವು. ಬಲಿಪೀಠ ಒಂದೇ, ಆದರೆ ಒಂದು ಅಂಕಣದ ಜಾತಿಯವರಿಗೆ ಇನ್ನೊಂದು ಅಂಕಣದವರ ಮುಖ ಕಾಣುತ್ತಿರಲಿಲ್ಲ. ಯೆರೂಸಲೇಮಿನಲ್ಲಿ ಬಿದ್ದ ಗೋಡೆಯನ್ನು ನಾವು ಇಟ್ಟಿಗೆ ಗಾರೆ ತಂದು ಮತ್ತೆ ಕಟ್ಟಿಕೊಂಡಿದ್ದೆವು. 1910ರ ಹೊತ್ತಿಗೆ ಆ ಅಡ್ಡಗೋಡೆಯನ್ನು ಕೆಡವಲಾಯಿತು. ಅದು ಮತ್ತೆ ಬೇಕೆಂದು ಮೇಲ್ಜಾತಿಯವರು ಹೂಡಿದ ದಾವೆ ಮದರಾಸಿನ ಹೈಕೋರ್ಟಿನವರೆಗೆ ಹೋಗಿ ಸೋತಿತು. ಹಾಗೆಂದು ಇದು ಹಳೆಯ ಕಥೆಯಲ್ಲ. ಸಭೆಯೊಳಗೆ ದಲಿತ ಕ್ರೈಸ್ತರ ವಿರುದ್ಧ ಭೇದ ಉಳಿದಿದೆ ಎಂದು ಭಾರತದ ಕಥೋಲಿಕ ಬಿಷಪರೇ 2016ರ ತಮ್ಮ ನೀತಿಪತ್ರದಲ್ಲಿ ಒಪ್ಪಿಕೊಂಡಿದ್ದಾರೆ. ಇವತ್ತಿನ ಅಡ್ಡಗೋಡೆ ಇಟ್ಟಿಗೆಯದಾಗಿರಬೇಕಿಲ್ಲ. ಕೆಲವೆಡೆ ಅದು ಸ್ಮಶಾನದಲ್ಲಿದೆ, ಕೆಲವೆಡೆ ಹಬ್ಬದ ತೇರು ಯಾವ ಬೀದಿಗೆ ಹೋಗುತ್ತದೆ ಎಂಬುದರಲ್ಲಿದೆ.

ಬಡವರಿರುವ ಊರಲ್ಲಿ ಕೋಟಿಗಟ್ಟಲೆ ಸುರಿದು ಗೋಪುರ ಎಬ್ಬಿಸುವುದನ್ನು ನಾನು ಸಮರ್ಥಿಸಲಾರೆ. ದೇವಾಲಯದೊಳಗೆ ಕ್ರಿಸ್ತನಿಗೆ ರೇಷ್ಮೆ ಹೊದಿಸಿ, ಹೊರಗೆ ಚಳಿಯಲ್ಲಿ ಬೆತ್ತಲಾಗಿರುವ ಅವನನ್ನು ಮರೆಯಬೇಡಿ ಎಂಬರ್ಥದ ಮಾತನ್ನು ನಾಲ್ಕನೆಯ ಶತಮಾನದಲ್ಲೇ ಸಂತ ಜಾನ್ ಕ್ರಿಸೋಸ್ತಮ್ ಹೇಳಿದ್ದರು. ಅದಕ್ಕೆ ಎದುರುತ್ತರ ನನ್ನಲ್ಲಿಲ್ಲ. ಆದರೆ ಕಟ್ಟಡವೇ ಬೇಡ ಎಂಬಲ್ಲಿಗೆ ಹೋಗಲೂ ನನಗಾಗದು.

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಜಪಮಾಲೆ ಮಾತೆಯ ದೇವಾಲಯ ಹೇಮಾವತಿಯ ಹಿನ್ನೀರಿನಲ್ಲಿದೆ. ಅಣೆಕಟ್ಟಿನಿಂದಾಗಿ ಜನ ಊರು ಬಿಟ್ಟು ಹೋದರು. ಮಳೆಗಾಲದಲ್ಲಿ ನೀರು ಕಮಾನುಗಳವರೆಗೂ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಚಾವಣಿ ಹೋಗಿದೆ. ಫೋಟೋ ತೆಗೆಯಲು ಬರುವವರು ಅದನ್ನು ನೋಡಿ ಎಷ್ಟು ಚೆನ್ನಾಗಿದೆ ಎನ್ನುತ್ತಾರೆ, ಚೆನ್ನಾಗಿದೆ ನಿಜ. ನನಗೆ ಕಾಣುವುದು ಗೋಡೆಗಳ ನಡುವಿನ ಖಾಲಿ ಜಾಗ. ಭಾನುವಾರಗಳಂದು ಅಲ್ಲಿ ಯಾರ ಪಕ್ಕ ಯಾರು ಕೂರುತ್ತಿದ್ದರೋ, ಪುನರ್ವಸತಿಯಾದ ಊರುಗಳಲ್ಲಿ ಈಗಲೂ ಅವರ ಮಕ್ಕಳು ಅಕ್ಕಪಕ್ಕ ಕೂರುತ್ತಾರೆಯೋ ಎಂದು ಕೇಳಬೇಕೆನಿಸುತ್ತದೆ.