ಹುಣಸೆಹಣ್ಣಿಗೆ ಹೋಗದ ಕಲೆ

ಉಜ್ಜಿ ತೊಳೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಸಣ್ಣ ಜಂಬ ನನಗೆ ಮೊದಲಿನಿಂದಲೂ ಇತ್ತು. ಹಿತ್ತಾಳೆ ಬಿಂದಿಗೆಗೆ ಹುಣಸೆಹಣ್ಣು, ಬೆಳ್ಳಿ ದೀಪಕ್ಕೆ ವಿಭೂತಿ, ತಳ ಹಿಡಿದ ಬಾಣಲೆಗೆ ಬೂದಿ ಮತ್ತು ತೆಂಗಿನ ನಾರು. ಯಾವುದಕ್ಕೆ ಯಾವ ಮದ್ದು ಎಂಬುದನ್ನೆಲ್ಲ ಅಮ್ಮನಿಂದ ಕಲಿತಿದ್ದೆ. ಉಜ್ಜಿದರೆ ಹೋಗದ ಕಲೆಯೇ ಇಲ್ಲ ಎಂದು ನಂಬಿದ್ದವಳು ನಾನು. ಆ ನಂಬಿಕೆ ಮುರಿದದ್ದು ಒಂದು ಕಾರಿನ ಚಕ್ರದಿಂದ.

ಮೂರು ವರ್ಷದ ಹಿಂದೆ ನಮ್ಮ ಯಜಮಾನರು ನಿವೃತ್ತರಾದಾಗ ಬಂದ ಹಣದಲ್ಲಿ ಹಳೆಯ ಕಾರೊಂದನ್ನು ಹಾಸನದ ನಮ್ಮ ಮನೆಗೆ ತಂದರು. ಹಿಂದೆ ಅದನ್ನಿಟ್ಟುಕೊಂಡಿದ್ದವರು ಶೋಕಿಯವರಿರಬೇಕು. ಉಕ್ಕಿನ ಚಕ್ರ ತೆಗೆಸಿ ಅಲಾಯ್ ಚಕ್ರ ಹಾಕಿಸಿದ್ದರು. ಮೇಲೆ ಬಣ್ಣವಿಲ್ಲ, ವಾರ್ನಿಷ್ ಇಲ್ಲ. ಬರಿಯ ಲೋಹವನ್ನೇ ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದು. ಬಗ್ಗಿದರೆ ಮುಖ ಕಾಣುತ್ತಿತ್ತು. ಇವರಿಗೆ ಕಾರಿಗಿಂತ ಆ ಚಕ್ರಗಳ ಮೇಲೇ ಹೆಚ್ಚು ಪ್ರೀತಿ. ಬೆಳಿಗ್ಗೆ ನಮ್ಮ ಬೀದಿಯ ನಾಲ್ಕಾರು ಕಾರು ತೊಳೆದು ಆಮೇಲೆ ಕಾಲೇಜಿಗೆ ಹೋಗುವ ಹುಡುಗನೊಬ್ಬ ನಮ್ಮದನ್ನೂ ತೊಳೆಯುತ್ತಿದ್ದ.

ಆಯುಧಪೂಜೆಯ ಹಿಂದಿನ ದಿನ. ಹುಡುಗ ಸೋಪುನೀರಿನಲ್ಲಿ ತೊಳೆದು ಹೋಗಿದ್ದ. ಆದರೂ ಮುಂದಿನ ಚಕ್ರದಲ್ಲಿ ಕಂದು ಚುಕ್ಕೆಗಳು ಉಳಿದಿದ್ದವು. ಬ್ರೇಕು ಹಾಕಿದಾಗಲೆಲ್ಲ ಅದರ ಪ್ಯಾಡು ಕಬ್ಬಿಣದ ತಟ್ಟೆಗೆ ಉಜ್ಜಿ, ಬಿಸಿಬಿಸಿ ಪುಡಿ ಹಾರಿ ಚಕ್ರಕ್ಕೆ ಕಚ್ಚಿಕೊಂಡು, ನೀರು ಸೋಕಿ ತುಕ್ಕಾಗುತ್ತದಂತೆ. ಇದು ನನಗೆ ಆಮೇಲೆ ತಿಳಿದದ್ದು. ಇವರು ಹೂವು, ಬೂದುಗುಂಬಳಕಾಯಿ ತರಲು ಪೇಟೆಗೆ ಹೋಗಿದ್ದರು. ಬರುವುದರೊಳಗೆ ಫಳಫಳ ಮಾಡಿಡೋಣವೆಂದು ಬಚ್ಚಲಿಗೆ ಹಾಕುವ ಆಸಿಡ್ ಬಾಟಲಿ ತಂದು ಚಕ್ರದ ಮೇಲೆ ಸುರಿದೆ. ಬುರಬುರನೆ ನೊರೆ ಬಂತು. ಕೊಳೆ ಬಿಡುತ್ತಿದೆ ಎಂದು ಖುಷಿಯಾಯಿತು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ನೆನಪಾಗಿ ಒಳಗೆ ಓಡಿದೆ. ಬಂದು ನೀರು ಹಾಕಿ ನೋಡುತ್ತೇನೆ, ಕನ್ನಡಿಯಿದ್ದ ಜಾಗದಲ್ಲಿ ಸುಣ್ಣ ಬಳಿದಂಥ ಬಿಳುಪು, ನಡುನಡುವೆ ಬೂದು ಗೆರೆಗಳು.

ಇವರು ಬಂದವರೇ ಕೂಗಾಡಿದರು. "ಆ ಹುಡುಗ ಅದೇನು ಹಾಕಿ ತೊಳೆದಿದಾನೆ ನೋಡೇ!" ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಮಾವಿನೆಲೆಯ ತೋರಣ ಕಟ್ಟುತ್ತ ಕೂತೆ. ಮರುದಿನ ಹುಡುಗ ಬಂದಾಗ ಇವರು ಅರ್ಧ ತಿಂಗಳ ಹಣ ಹಿಡಿದು, ಇನ್ನು ಬರಬೇಡ ಎಂದರು. ಅವನು ಒಮ್ಮೆ ನನ್ನ ಕಡೆ ನೋಡಿ ಬಕೆಟ್ ಎತ್ತಿಕೊಂಡು ಹೊರಟುಹೋದ.

ಈಗ ನೀವೇ ಹೇಳಿ, ನಾನು ಸುಳ್ಳು ಹೇಳಿದೆನೆ? ನನ್ನ ನಾಲಿಗೆ ಒಂದಕ್ಷರ ಸುಳ್ಳಾಡಲಿಲ್ಲ. ಹಬ್ಬದ ದಿನ ಮನೆಯಲ್ಲಿ ರಂಪ ಬೇಡ, ಇವರಿಗೆ ಬಿ.ಪಿ. ಬೇರೆ ಇದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮನೆ ನಡೆಸುವ ಹೆಂಗಸರಿಗೆ ಇಂಥ ಮೌನ ಹೊಸದಲ್ಲ. ಅತ್ತೆ ಆಡಿದ ಮಾತನ್ನು ಗಂಡನಿಗೆ ಹೇಳದೆ ನುಂಗಿರುತ್ತೇವೆ, ಮಗನ ಕಡಿಮೆ ಅಂಕವನ್ನು ಎರಡು ದಿನ ಮುಚ್ಚಿಟ್ಟಿರುತ್ತೇವೆ. ಆದರೆ ಅಂಥ ಮೌನಗಳ ಬೆಲೆಯನ್ನು ನಾವೇ ತೆತ್ತಿರುತ್ತೇವೆ. ಈ ಸಲದ ಮೌನ ನನ್ನದು, ಬೆಲೆ ತೆತ್ತವನು ಆ ಹುಡುಗ.

ಹಬ್ಬ ಮುಗಿದ ಮೇಲೆ ಗ್ಯಾರೇಜಿನ ಮೇಸ್ತ್ರಿಯ ಹತ್ತಿರ ಹೋದೆವು. ಆತ ಉಗುರಿನಿಂದ ಕೆರೆದು ನೋಡಿ, "ಅಮ್ಮಾ, ಇದು ಮೇಲೆ ಕೂತ ಕಲೆಯಲ್ಲ. ಲೋಹವೇ ತಿಂದುಹೋಗಿದೆ" ಎಂದ. ಹಿತ್ತಾಳೆಯ ಕಿಲುಬು ಮೇಲಿನದು. ಹುಣಸೆಹುಳಿ ಅದನ್ನು ಕರಗಿಸಿದರೆ ಕೆಳಗೆ ಪಾತ್ರೆ ಇದ್ದ ಹಾಗೇ ಇರುತ್ತದೆ. ಚಕ್ರದ ಲೋಹ ಬಹುಪಾಲು ಅಲ್ಯೂಮಿನಿಯಂ. ಗಾಳಿ ತಾಗಿದೊಡನೆ ಅದರ ಮೇಲೆ ತೆಳ್ಳಗೆ ಒಂದು ಪೊರೆ ಕಟ್ಟುತ್ತದೆ. ಅದೇ ಅದರ ರಕ್ಷೆ. ತೀಕ್ಷ್ಣವಾದ ಆಸಿಡ್ಡಾಗಲಿ ಕ್ಷಾರವಾಗಲಿ ಆ ಪೊರೆಯನ್ನು ಕರಗಿಸಿ ಒಳಗಿನ ಲೋಹಕ್ಕೇ ಬಾಯಿ ಹಾಕುತ್ತದೆ. ಅಲ್ಯೂಮಿನಿಯಂ ಪಾತ್ರೆಗೆ ವಾಷಿಂಗ್ ಸೋಡಾ ಹಾಕಬೇಡವೆಂದು ಅಮ್ಮ ಹೇಳುತ್ತಿದ್ದದ್ದು ಆಗ ನೆನಪಾಯಿತು.

"ಹಾಗಾದರೆ ಸರಿಮಾಡುವುದು ಹೇಗೆ?" ಎಂದೆ. "ಗುಂಡಿ ಬಿದ್ದಿದೆಯಲ್ಲ, ಸುತ್ತಲಿನ ಲೋಹವನ್ನೂ ಅಷ್ಟೇ ಆಳಕ್ಕೆ ಸವೆಸಬೇಕು. ಬೇರೆ ದಾರಿಯಿಲ್ಲ" ಎಂದ.

ಉಜ್ಜುವ ಕೆಲಸವನ್ನು ನಾನೇ ಕೇಳಿ ವಹಿಸಿಕೊಂಡೆ. ಮೊದಲು 400ನೇ ನಂಬರಿನ ನೀರುಕಾಗದ, ಆಮೇಲೆ 800, 1000, 1500, ಕೊನೆಗೆ 2000. ಸೋಪುನೀರಿನಲ್ಲಿ ನೆನೆಸಿ, ಒಂದೊಂದು ನಂಬರಿಗೂ ಉಜ್ಜುವ ದಿಕ್ಕನ್ನು ಬದಲಿಸಬೇಕು. ಹಿಂದಿನ ಕಾಗದದ ಗೀರು ಪೂರ್ತಿ ಮಾಯವಾಗುವ ತನಕ ಮುಂದಿನದನ್ನು ಮುಟ್ಟುವಂತಿಲ್ಲ. ಅವಸರ ಮಾಡಿದರೆ ಕೊನೆಯ ಹೊಳಪಿನಲ್ಲಿ ಆ ಗೀರು ಎದ್ದು ಕಾಣುತ್ತದೆ. ನಾಲ್ಕು ಸಂಜೆ ಹಿಡಿಯಿತು. ಕೊನೆಯ ಸಂಜೆ ಪಾಲಿಶ್ ಹಚ್ಚಿ ತಿಕ್ಕಿದಾಗ ಹತ್ತಿಬಟ್ಟೆ ಕರ್ರಗಾಯಿತು. ಇಷ್ಟು ತೊಳೆದರೂ ಇನ್ನೂ ಕೊಳೆಯೇ ಎಂದುಕೊಂಡೆ. ಅದು ಕೊಳೆಯಲ್ಲ, ಸವೆದು ಬರುತ್ತಿದ್ದ ಲೋಹ. ಅಲ್ಲೇ ಕುರ್ಚಿ ಹಾಕಿ ಕೂತಿದ್ದ ಇವರಿಗೆ, ತಲೆಯೆತ್ತದೆ, "ರೀ, ಆಸಿಡ್ ಹಾಕಿದ್ದು ನಾನು" ಎಂದೆ.

ಬಹಳ ಹೊತ್ತು ಸುಮ್ಮನಿದ್ದರು. "ಅವತ್ತೇ ಹೇಳಿದ್ದರೆ ಏನಾಗುತ್ತಿತ್ತು?" ಎಂದರು ಕೊನೆಗೆ. ಏನಾಗುತ್ತಿತ್ತು? ಒಂದು ಗಂಟೆ ಬೈಯುತ್ತಿದ್ದರು. ಆ ಒಂದು ಗಂಟೆಯನ್ನು ಉಳಿಸಿಕೊಳ್ಳಲು ನಾನು ಒಬ್ಬ ಹುಡುಗನ ಕೆಲಸ ಕಳೆದಿದ್ದೆ.

ಮರುದಿನ ಇಬ್ಬರೂ ಅವನ ಮನೆ ಹುಡುಕಿಕೊಂಡು ಹೋದೆವು. ಅವನ ತಾಯಿಯ ಎದುರಿಗೇ ನಡೆದದ್ದನ್ನು ಹೇಳಿದೆ. ಅವನು, "ನಂಗೆ ಅವತ್ತೇ ಗೊತ್ತಿತ್ತಮ್ಮ. ನಲ್ಲಿ ಹಿಂದೆ ಖಾಲಿ ಬಾಟ್ಲಿ ಬಿದ್ದಿತ್ತು" ಎಂದ. ಮತ್ತೆ ಯಾಕೆ ಹೇಳಲಿಲ್ಲ ಎಂದರೆ, "ನಿಮ್ಮ ಮೇಲೆ ಹೇಳಿದ್ರೆ ಬೀದಿಯವ್ರು ಯಾರಾದ್ರೂ ನಂಗೆ ಕೆಲ್ಸ ಕೊಡ್ತಿದ್ರಾ?" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಸುಮ್ಮನಿದ್ದದ್ದು ಇಬ್ಬರೂ. ಆದರೆ ಅವನು ಸುಮ್ಮನಿದ್ದದ್ದು ಅನ್ನಕ್ಕಾಗಿ, ನಾನು ಜಂಬಕ್ಕಾಗಿ. ನಿಜ ಹೇಳುವುದು ಎಲ್ಲರ ಧರ್ಮ ಎಂದು ಮಕ್ಕಳಿಗೆ ಕಲಿಸುತ್ತೇವಲ್ಲ, ಅದರ ಖರ್ಚು ಎಲ್ಲರಿಗೂ ಒಂದೇ ಅಲ್ಲ. ಕಡಿಮೆ ಖರ್ಚಿನಲ್ಲಿ ನಿಜ ಹೇಳಬಲ್ಲವರು ಮೊದಲು ಹೇಳಬೇಕೆಂದು ಈಗ ನನಗೆ ಅನ್ನಿಸುತ್ತದೆ.

ಹಿಡಿದಿದ್ದ ಹಣವನ್ನು ಅವನು ಎಣಿಸಿ ತೆಗೆದುಕೊಂಡ. ಕೆಲಸಕ್ಕೆ ಮಾತ್ರ ಬರಲಿಲ್ಲ; ಆ ಹೊತ್ತಿಗೆ ಬೇರೆ ಬೀದಿಯ ಮನೆಯೊಂದನ್ನು ಹಿಡಿದಿದ್ದ. ನಾನು ಕೇಳಿದ ಕ್ಷಮೆಗೆ ಅವನ ತಾಯಿ ಕಾಫಿ ಕೊಟ್ಟರು, ಬೇರೇನೂ ಹೇಳಲಿಲ್ಲ.

ಚಕ್ರ ಈಗ ಹೊಳೆಯುತ್ತದೆ. ಆದರೆ ಬಣ್ಣವಿಲ್ಲದ ಲೋಹ ತಾನಾಗಿ ಹೊಳೆಯುತ್ತಿರುವುದಿಲ್ಲ. ಮಂಕಾಗುತ್ತ ಬಂದಾಗ ಪಾಲಿಶ್ ಹಾಕಿ ಮೇಣ ಹಚ್ಚುತ್ತೇನೆ. ಬೋಲ್ಟಿನ ಪಕ್ಕದಲ್ಲಿ, ಕಾಗದ ತಲುಪದ ಸಂದಿಯಲ್ಲಿ, ಕಾಳು ಮೆಣಸಿನಷ್ಟು ಒಂದು ಬಿಳಿ ಕಲೆ ಉಳಿದಿದೆ. ಮೊನ್ನೆ ಪಕ್ಕದ ಮನೆಯವರು ಅದನ್ನು ಕಂಡು, "ತೊಳೆಯೋ ಹುಡುಗರೇ ಹೀಗೆ ಬಿಡಿ" ಎಂದರು. ಅಲ್ಲ, ಅದು ನಾನೇ ಮಾಡಿದ್ದು ಎಂದೆ.