ಮೊದಲ ಎರಡು ನಿಮಿಷ



ಧಮ್ಮ ಬಂಧುಗಳೇ, ಇಂದಿನ ಚಿಂತನೆ ಸಿನಿಮಾದ ಬಗ್ಗೆ. ಬೆಳಿಗ್ಗೆ ಬೆಳಿಗ್ಗೆ ಸಿನಿಮಾ ಮಾತು ಯಾಕೆ ಅಂತ ಹಿರಿಯರು ಬೇಸರ ಮಾಡಿಕೊಳ್ಳಬಾರದು. ವಿಷಯ ನಮ್ಮ ಮನೆಯದ್ದೇ.

ತುರುವನೂರಿನ ನಮ್ಮ ಬಳಗಕ್ಕೆ ಬರುವ ಮೂರ್ನಾಲ್ಕು ಮಕ್ಕಳು ಕಾಲೇಜಿನ ಗೆಳೆಯರ ಜೊತೆ ಸೇರಿ ಒಂದು ಥ್ರಿಲ್ಲರ್ ಸಿನಿಮಾದ ಆರಂಭ ತೆಗೆಯುತ್ತಿದ್ದಾರೆ. ಪೂರ್ತಿ ಸಿನಿಮಾ ಅಲ್ಲ, ಮೊದಲ ಎರಡು ನಿಮಿಷ ಮಾತ್ರ. ಒಂದು ಮೊಬೈಲ್, ಕಾಲು ಅಲ್ಲಾಡುವ ಒಂದು ಟ್ರೈಪಾಡ್, ಎರಡು ಟಾರ್ಚ್, ಇಷ್ಟೇ ಬಂಡವಾಳ. ನೋಟ್‌ಬುಕ್‌ನಲ್ಲಿ ಚೌಕ ಹಾಕಿ ಒಂದೊಂದು ಶಾಟನ್ನೂ ಚಿತ್ರ ಬರೆದಿದ್ದಾರೆ. ದುರ್ಗದಿಂದ ಬಂದ ಕೊನೆ ಬಸ್ಸು ಇಳಿದು ಒಬ್ಬಳೇ ಹುಡುಗಿ ನಡೆಯುತ್ತಾಳೆ. ಹಿಂದೆ ಹೆಜ್ಜೆ ಸದ್ದು. ಮೊದಲು ಕಾಲು ಕಾಣುತ್ತದೆ, ಆಮೇಲೆ ಕೈಯಲ್ಲಿನ ಚೀಲ, ಕೊನೆಗೆ ಮುಖ. ಹೆಜ್ಜೆ ಸದ್ದಿಗೆ ಒಣಗಿದ ಮೆಕ್ಕೆಜೋಳದ ಸಿಪ್ಪೆಯನ್ನು ಮರದಲ್ಲಿ ಹರಡಿ, ಮೊಬೈಲ್ ಪಕ್ಕದಲ್ಲಿಟ್ಟು ಕೈಯಿಂದ ಅದುಮಿದರು. ಕೇಳಿದರೆ ನಿಜವಾಗಿಯೂ ಮೈ ಜುಮ್ ಅನ್ನುತ್ತದೆ.

ಹಿಚ್‌ಕಾಕ್ ಎಂಬ ನಿರ್ದೇಶಕರ ಮಾತೊಂದನ್ನು ಆ ಮಕ್ಕಳೇ ನನಗೆ ಹೇಳಿಕೊಟ್ಟರು. ಮೇಜಿನ ಸುತ್ತ ಜನ ಕೂತು ಹರಟುತ್ತಿದ್ದಾರೆ, ಇದ್ದಕ್ಕಿದ್ದ ಹಾಗೆ ಬಾಂಬ್ ಸಿಡಿಯಿತು. ನೋಡುವವರಿಗೆ 15 ಸೆಕೆಂಡಿನ ಗಾಬರಿ. ಅದೇ ಬಾಂಬನ್ನು ಮೇಜಿನ ಕೆಳಗೆ ಮೊದಲೇ ತೋರಿಸಿದರೆ 15 ನಿಮಿಷ ಉಸಿರು ಬಿಗಿಹಿಡಿದು ಕೂರುತ್ತಾರೆ. ಹರಟೆ ಅದೇ, ಮೇಜೂ ಅದೇ. ಬದಲಾದದ್ದು ನೋಡುವವರ ತಲೆಯೊಳಗೆ ಮೊದಲೇ ಇಟ್ಟ ಒಂದು ಸುದ್ದಿ.

ಈಗ ವಿಷಯಕ್ಕೆ ಬರುತ್ತೇನೆ. ಕೊಲೆಗಾರನ ಪಾತ್ರ ಯಾರು ಮಾಡಬೇಕು ಎಂಬ ಪ್ರಶ್ನೆ ಬಂದಾಗ ಎಲ್ಲರ ಕಣ್ಣೂ ನಮ್ಮ ಕಾಲೋನಿಯ ಒಬ್ಬ ಹುಡುಗನ ಕಡೆಗೇ ತಿರುಗಿತಂತೆ. ಜಾತಿಯ ಮಾತನ್ನು ಯಾರೂ ಎತ್ತಲಿಲ್ಲ. "ನಿನ್ ಮುಖ ಸೂಟ್ ಆಗುತ್ತೆ ಕಣೋ" ಅಂದರು, ಅಷ್ಟೇ. ಹಾಗೆ ಅಂದವರಲ್ಲಿ ನಮ್ಮ ಬಳಗದ ಮಕ್ಕಳೂ ಇದ್ದರು. ಅವನೂ ನಕ್ಕು ಒಪ್ಪಿಕೊಂಡ. ಆದರೆ ಸಂಜೆ ನಮ್ಮ ಮನೆ ಜಗಲಿ ಮೇಲೆ ಕೂತು ಕೇಳಿದ: "ಅಣ್ಣ, ನನ್ನ ಮುಖ ನೋಡಿದ್ರೆ ಭಯ ಆಗುತ್ತಾ?"

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ನನಗೆ ಎರಡು ಪ್ರಸಂಗ ನೆನಪಾದವು.

ಒಂದು, ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿರುವುದು. 1901ರಲ್ಲಿ ಸಾತಾರಾದಿಂದ ತಂದೆಯನ್ನು ನೋಡಲು ಹೊರಟ ಮಕ್ಕಳು ಮಸೂರ್ ರೈಲು ನಿಲ್ದಾಣದಲ್ಲಿ ಇಳಿಯುತ್ತಾರೆ. ಒಳ್ಳೆಯ ಬಟ್ಟೆ, ಹೊಸ ಟೋಪಿ. ಕರೆದೊಯ್ಯಲು ಯಾರೂ ಬಂದಿಲ್ಲ. ಸ್ಟೇಷನ್ ಮಾಸ್ತರು ಕನಿಕರದಿಂದಲೇ ಹತ್ತಿರ ಬಂದು ಯಾರ ಮಕ್ಕಳೆಂದು ವಿಚಾರಿಸುತ್ತಾರೆ. ಮಹಾರರು ಎಂಬ ಉತ್ತರ ಕಿವಿಗೆ ಬಿದ್ದದ್ದೇ ತಡ, ಅವರ ಮುಖ ಬದಲಾಗಿ ಹಿಂದೆ ಸರಿಯುತ್ತಾರೆ. ಮಕ್ಕಳು ಎರಡು ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ತಾವೇ ಹೊಡೆದುಕೊಂಡು ಹೋಗಬೇಕಾಯಿತು. ಬುತ್ತಿ ಇತ್ತು, ನೀರು ಕೊಡುವವರಿರಲಿಲ್ಲ. ಆ ರಾತ್ರಿ ಹಸಿದೇ ಮಲಗಿದರು.

ಇನ್ನೊಂದು ಅಂಗುಲಿಮಾಲನದು. ಭಗವಾನರು ಅವನಿದ್ದ ಕಾಡಿಗೆ ಒಬ್ಬರೇ ನಡೆದದ್ದು ನಮಗೆಲ್ಲ ಗೊತ್ತು. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲೂ ಅದನ್ನು ಬರೆದಿದ್ದಾರೆ. ಮಜ್ಝಿಮ ನಿಕಾಯದಲ್ಲಿ ಅದರ ಮುಂದಿನ ಭಾಗವಿದೆ, ನಾವು ಅಷ್ಟಾಗಿ ಗಮನಿಸುವುದಿಲ್ಲ. ಪಸೇನದಿ ರಾಜ 500 ಕುದುರೆ ಸವಾರರ ಜೊತೆ ಆ ಕೊಲೆಗಾರನನ್ನು ಹಿಡಿಯಲು ಹೊರಟು, ದಾರಿಯಲ್ಲಿ ಭಗವಾನರ ಬಳಿ ಬರುತ್ತಾನೆ. ಹತ್ತಿರದಲ್ಲೇ ಒಬ್ಬ ಭಿಕ್ಖು ಕೂತಿದ್ದಾನೆ. ರಾಜನಿಗೆ ಏನೂ ಅನ್ನಿಸುವುದಿಲ್ಲ. ಇವನೇ ಅಂಗುಲಿಮಾಲ ಎಂದು ಭಗವಾನರು ಕೈ ತೋರಿಸಿದ ಕೂಡಲೇ ರಾಜನ ರೋಮ ನಿಮಿರಿ ನಿಲ್ಲುತ್ತವೆ. ಒಂದು ಗಳಿಗೆಯ ಹಿಂದೆ ನೋಡಿದ್ದ ಅದೇ ಮುಖ, ಅದೇ ಚೀವರ.

ನೋಡಿ, ಸ್ಟೇಷನ್ ಮಾಸ್ತರಿಗೂ ರಾಜನಿಗೂ ಆದದ್ದು ಒಂದೇ. ಕಣ್ಣು ರೂಪವನ್ನು ಮುಟ್ಟಿತು, ಅಲ್ಲಿವರೆಗೆ ತೊಂದರೆಯಿಲ್ಲ. ಒಂದು ಹೆಸರು ಬಂದು ಕೂತಿತು, ಹೆಸರಿನ ಹಿಂದೆಯೇ ಭಯವೋ ಅಸಹ್ಯವೋ ಬಂತು. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಅಂಗುಲಿಮಾಲ ನಿಜವಾಗಿ ಕೊಂದಿದ್ದ, ರಾಜನ ಭಯಕ್ಕೆ ಕಾರಣವಿತ್ತು. ಮಸೂರಿನ ಆ ಮಕ್ಕಳು ಯಾರಿಗೆ ಏನು ಮಾಡಿದ್ದರು? ರಾಜನ ಪಕ್ಕದಲ್ಲಿ ಹೆದರಬೇಡ ಎನ್ನಲು ಭಗವಾನರಿದ್ದರು. ಆ ಮಕ್ಕಳ ಪಕ್ಕದಲ್ಲಿ ಯಾರೂ ಇರಲಿಲ್ಲ.

2021ರ ತಮಿಳು ಚಿತ್ರ 'ಜೈ ಭೀಮ್' ನೋಡಿದವರು ಅದರ ಆರಂಭ ನೆನಪಿಸಿಕೊಳ್ಳಿ. ಜೈಲಿನಿಂದ ಬಿಡುಗಡೆಯಾದವರನ್ನು ಬಾಗಿಲಲ್ಲೇ ಜಾತಿ ಕೇಳುತ್ತಾರೆ. ಕೆಲವರನ್ನು ಮನೆಗೆ ಬಿಡುತ್ತಾರೆ, ಉಳಿದವರನ್ನು ಪಕ್ಕಕ್ಕೆ ನಿಲ್ಲಿಸುತ್ತಾರೆ, ಹೊಸ ಕೇಸು ಹಾಕಲು. ಕತ್ತಲಿಲ್ಲ, ಹೆಜ್ಜೆ ಸದ್ದಿಲ್ಲ, ಹಾಡಹಗಲು. ಆದರೂ ಎದೆ ಹೊಡೆದುಕೊಳ್ಳುತ್ತದೆ, ಯಾಕೆಂದರೆ ಅಲ್ಲಿ ನಾವು ಹೆದರುವುದು ಪಕ್ಕಕ್ಕೆ ನಿಂತವರಿಗಲ್ಲ, ಅವರಿಗಾಗಿ.

ಇದನ್ನೆಲ್ಲ ಭಾನುವಾರ ಮಕ್ಕಳ ಮುಂದಿಟ್ಟೆ. ಬೈಯಲಿಲ್ಲ. ಬೈದರೆ ಅವರು ತಲೆ ತಗ್ಗಿಸಿ ಎದ್ದು ಹೋಗುತ್ತಾರೆ, ಕಣ್ಣು ಮಾತ್ರ ಹಾಗೇ ಇರುತ್ತದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮೊದಲು ಬಾಯಿ ಬಿಟ್ಟವಳು ಆ ಒಂಟಿ ಹುಡುಗಿಯ ಪಾತ್ರ ಮಾಡಬೇಕಿದ್ದವಳು: "ನನಗೂ ಸಾಕಾಗಿದೆ, ಪ್ರತಿ ಸಲ ಸಾಯೋದು ನಾವೇನಾ?" (ಇದು ನನಗೂ ಹೊಳೆದಿರಲಿಲ್ಲ, ಒಪ್ಪಿಕೊಳ್ಳುತ್ತೇನೆ.)

ಈಗ ಚೌಕಗಳನ್ನು ಹೊಸದಾಗಿ ಬರೆದಿದ್ದಾರೆ. ರಾತ್ರಿ, ಬಸ್ ನಿಲ್ದಾಣದ ಕಲ್ಲುಬೆಂಚು. ಒಬ್ಬ ಹುಡುಗ ಚೀಲ ಹಿಡಿದು ಬಂದು ಕೂರುತ್ತಾನೆ. ಪಕ್ಕದವರು ಒಬ್ಬೊಬ್ಬರೇ ಎದ್ದು ಸರಿಯುತ್ತಾರೆ. ಕ್ಯಾಮೆರಾ ಅವನ ಹೆಗಲ ಹಿಂದಿನಿಂದ ಅವರನ್ನು ನೋಡುತ್ತದೆ. ದೂರದಲ್ಲಿ ಮೋಟರ್‌ಬೈಕ್ ಸದ್ದು, ಹತ್ತಿರ ಹತ್ತಿರ ಬರುತ್ತಿದೆ. ಚೀಲದಲ್ಲಿ ಏನಿರಬೇಕು ಅಂತ ಒಂದು ಗಂಟೆ ಜಗಳ ನಡೆಯಿತು. ಪುಸ್ತಕ ಇರಲಿ ಅಂದ ಒಬ್ಬ. ಅದು ಭಾಷಣ ಆಯ್ತಲ್ಲೋ ಅಂದೆ. ಈರುಳ್ಳಿ ಅಂದ ಇನ್ನೊಬ್ಬ, ಎಲ್ಲರೂ ನಕ್ಕರು. ಕೊನೆಗೆ ಆ ಹುಡುಗಿಯೇ ತೀರ್ಮಾನ ಮಾಡಿದಳು, ಚೀಲ ತೆರೆಯುವುದೇ ಬೇಡ.

ಬೆಂಚಿನ ಮೇಲೆ ಕೂರುವವನು, ಅವತ್ತು ಸೂಟ್ ಆಗುತ್ತೆ ಅಂದವನು. ತಾನೇ ಕೇಳಿಕೊಂಡ. ನಮ್ಮ ಹುಡುಗ ಈ ಸಲ ಕ್ಯಾಮೆರಾ ಹಿಡಿಯುತ್ತಾನೆ.

ಶೂಟಿಂಗ್ ಶನಿವಾರ ರಾತ್ರಿ 9ಕ್ಕೆ. ರೊಟ್ಟಿ, ಚಟ್ನಿ ನಮ್ಮ ಮನೆಯಿಂದ. ಎದ್ದು ಸರಿಯುವ ಪಾತ್ರಕ್ಕೆ ಇನ್ನೂ ಮೂರು ಜನ ಬೇಕು, ದೊಡ್ಡವರಾದರೆ ಒಳ್ಳೆಯದು. ಯಾರೂ ಮುಂದೆ ಬರುತ್ತಿಲ್ಲ.

ಜೈ ಭೀಮ್.